ವಾಲಿವಧೆಯನ್ನು ಸಂಶಯದಿಂದ ಓದುವುದು ಹೇಗೆ?

ಆಟಿ ತಿಂಗಳಲ್ಲಿ ಕಾಸರಗೋಡಿನ ಕಡೆ ರಾಮಾಯಣ ಎರಡು ದಾರಿಯಿಂದ ಕಿವಿಗೆ ಬೀಳುತ್ತದೆ. ಮಲಯಾಳಂ ಮನೆಮಾತಿನವರಲ್ಲಿ ಕರ್ಕಾಟಕ ಮಾಸವಿಡೀ ಎಳುತ್ತಚ್ಛನ್ ಬರೆದ ಅಧ್ಯಾತ್ಮರಾಮಾಯಣದ ಪಾರಾಯಣ ನಡೆಯುತ್ತದೆ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಕನ್ನಡ, ತುಳು ಊರುಗಳಲ್ಲಿ ಮಳೆಗಾಲದ ತಾಳಮದ್ದಳೆ ಕೂಟಗಳು, ಅಂದರೆ ವೇಷ ಕುಣಿತಗಳಿಲ್ಲದೆ ಹಾಡು ಮಾತುಗಳಲ್ಲೇ ಯಕ್ಷಗಾನದ ಕಥೆ ನಡೆಸುವ ಕೂಟಗಳು, ನಡೆಯುತ್ತವೆ. ಎರಡರಲ್ಲಿ ಯಾವುದನ್ನು ಕೇಳಿದವರೇ ಆಗಲಿ, ಓದುಗರು ಬರೆದು ಕೇಳುವ ಪ್ರಶ್ನೆ ಮಾತ್ರ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ರಾಮನು ಮರೆಯಲ್ಲಿ ನಿಂತು ವಾಲಿಯನ್ನು ಕೊಂದದ್ದು ಧರ್ಮವೇ? ಕೆಲವರು ಇದಕ್ಕೆ ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರವನ್ನು ಅಪೇಕ್ಷಿಸುತ್ತಾರೆ. ಅಂಥ ಉತ್ತರವನ್ನು ನಾನು ಇಲ್ಲಿ ಕೊಡುವುದಿಲ್ಲ. ನೀವೇ ಕುಳಿತು, ಭಕ್ತಿಗೂ ಸಿಟ್ಟಿಗೂ ಪಕ್ಕಾಗದೆ, ಈ ಕಥೆಯನ್ನು ಪರೀಕ್ಷಿಸಿ ಓದುವ ಕ್ರಮವೊಂದನ್ನು ಹಂತಹಂತವಾಗಿ ವಿವರಿಸುತ್ತೇನೆ.

ಸಂಶಯದ ಓದು ಎಂದಾಗ ದೇವರನ್ನು ಅಲ್ಲಗಳೆಯುವ ಓದು ಎಂದು ತಿಳಿಯಬೇಡಿ. ನಮ್ಮ ಶಾಸ್ತ್ರಗಳಲ್ಲಿ ಯಾವ ಸಿದ್ಧಾಂತವನ್ನು ಹೇಳುವ ಮೊದಲೂ ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುವ ರೂಢಿ ಇದೆ. ಇಲ್ಲಿ ಮಾಡುವುದೂ ಅದೇ ಕೆಲಸ.

ಬೇಕಾಗುವ ಸಾಮಗ್ರಿ

ವಾಲ್ಮೀಕಿ ರಾಮಾಯಣದ ಸಂಕ್ಷೇಪವಲ್ಲದ ಕನ್ನಡ ಅನುವಾದವೊಂದು ಬೇಕು. ವಿದ್ವಾನ್ ಎನ್. ರಂಗನಾಥ ಶರ್ಮರ ಅನುವಾದ ಊರಿನ ವಾಚನಾಲಯದಲ್ಲಿ ಸಿಕ್ಕರೆ ಅದು ಸಾಕು. ಮಕ್ಕಳಿಗಾಗಿ ಬರೆದ ಕಥಾಸಾರ ಈ ಕೆಲಸಕ್ಕೆ ನಡೆಯುವುದಿಲ್ಲ, ಏಕೆಂದರೆ ನಮಗೆ ಬೇಕಾದ ವಾದ ಪ್ರತಿವಾದಗಳನ್ನು ಅದರಲ್ಲಿ ಒಂದೆರಡು ವಾಕ್ಯಕ್ಕೆ ಇಳಿಸಿರುತ್ತಾರೆ.

ರಾಮಾಯಣದ ದೊಡ್ಡ ವಿಭಾಗಕ್ಕೆ ಕಾಂಡವೆಂದೂ ಕಾಂಡದೊಳಗಿನ ಅಧ್ಯಾಯಕ್ಕೆ ಸರ್ಗವೆಂದೂ ಹೆಸರು. ಕಿಷ್ಕಿಂಧಾಕಾಂಡದ 5ನೆಯ ಸರ್ಗ, 8ರಿಂದ 12, 15ರಿಂದ 18, ಆಮೇಲೆ 46 ಮತ್ತು 55, ಇವನ್ನು ಗುರುತು ಹಾಕಿಕೊಳ್ಳಿ. ಇವುಗಳ ಜೊತೆಗೆ ಅರಣ್ಯಕಾಂಡದ 9 ಮತ್ತು 10ನೆಯ ಸರ್ಗಗಳೂ ಬೇಕು. ಇವು ದಕ್ಷಿಣದಲ್ಲಿ ಪ್ರಚಲಿತವಾಗಿರುವ ಪಾಠದ ಸಂಖ್ಯೆಗಳು. ಕೆಲವು ಮುದ್ರಣಗಳಲ್ಲಿ ಒಂದು ಸರ್ಗ ಹಿಂದೆಮುಂದೆ ಆಗಿರಬಹುದು, ಆದುದರಿಂದ ಸಂಖ್ಯೆಯನ್ನು ಮಾತ್ರ ನಂಬದೆ ಸಂದರ್ಭವನ್ನು ನೋಡಿ ಹುಡುಕಿ.

ಒಂದು ನೋಟುಪುಸ್ತಕವನ್ನು ತೆಗೆದುಕೊಂಡು ಪುಟವನ್ನು ಮೂರು ಅಂಕಣಗಳಾಗಿ ಗೆರೆ ಹಾಕಿ. ಮೊದಲನೆಯದರ ತಲೆಗೆ ‘ಆಕ್ಷೇಪ’, ಎರಡನೆಯದಕ್ಕೆ ‘ಉತ್ತರ’, ಮೂರನೆಯದಕ್ಕೆ ‘ಉಳಿಕೆ’ ಎಂದು ಬರೆಯಿರಿ. ಉತ್ತರ ಕೊಟ್ಟ ಬಳಿಕವೂ ಆಕ್ಷೇಪದಲ್ಲಿ ಬಗೆಹರಿಯದೆ ಉಳಿದದ್ದು ಮೂರನೆಯ ಅಂಕಣಕ್ಕೆ ಹೋಗಬೇಕು. ಈ ಅಂಕಣವನ್ನು ಖಾಲಿ ಬಿಡುವ ಆಸೆ ಎಲ್ಲರಿಗೂ ಆಗುತ್ತದೆ.

1. ಕೂಟದಲ್ಲಿ ಕೇಳಿದ್ದನ್ನೂ ಪುಸ್ತಕದಲ್ಲಿ ಇರುವುದನ್ನೂ ಬೇರೆ ಮಾಡಿ

ನಮ್ಮ ಕಡೆಯವರಿಗೆ ವಾಲಿ ಪರಿಚಯವಾಗುವುದು ವಾಲ್ಮೀಕಿಯ ಮೂಲಕ ಅಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಬಂದಿರುವ ರಾಮಾಯಣ ಪ್ರಸಂಗಗಳ ಪದ್ಯ ಮತ್ತು ಆ ಪದ್ಯಕ್ಕೆ ಅರ್ಥಧಾರಿಗಳು, ಅಂದರೆ ಭಾಗವತರು ಹಾಡಿದ್ದನ್ನು ಆಶುವಾಗಿ ಮಾತಿನಲ್ಲಿ ವಿಸ್ತರಿಸುವ ಕಲಾವಿದರು, ಕಟ್ಟಿದ ಸಂವಾದ ನಮ್ಮ ತಲೆಯಲ್ಲಿ ಮೊದಲೇ ಕುಳಿತಿರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ವಾಲಿಯನ್ನು ಧ್ವನಿಮುದ್ರಣದಲ್ಲಾದರೂ ಕೇಳಿದವರಿಗೆ ಬೇರೆ ವಾಲಿಯನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಅದು ಕಲೆಯ ಗೆಲುವು. ಓದಿನ ಮೊದಲ ತೊಡಕೂ ಅದೇ.

ಆದುದರಿಂದ ಪುಸ್ತಕ ತೆರೆಯುವ ಮೊದಲು ವಾಲಿವಧೆಯ ಬಗ್ಗೆ ನಿಮಗೆ ಗೊತ್ತಿದೆ ಎಂದು ನೀವು ತಿಳಿದಿರುವುದನ್ನೆಲ್ಲ ಒಂದು ಪುಟದಲ್ಲಿ ಬರೆದಿಡಿ. ಬಳಿಕ ಸರ್ಗಗಳನ್ನು ಓದುತ್ತ, ಅಲ್ಲಿ ಕಾಣಿಸಿದ್ದಕ್ಕೆ ಗುರುತು ಹಾಕುತ್ತ ಹೋಗಿ. ಬಹುಮಂದಿಯ ಪಟ್ಟಿಯಲ್ಲಿ ಒಂದು ಅಂಶ ಗುರುತಿಲ್ಲದೆ ಉಳಿಯುತ್ತದೆ: ಎದುರು ನಿಂತವರ ಅರ್ಧ ಬಲ ತನಗೆ ಬರುವ ವರ ವಾಲಿಗೆ ಇತ್ತು, ಆದ್ದರಿಂದಲೇ ರಾಮ ಮರೆಗೆ ಹೋಗಬೇಕಾಯಿತು ಎಂಬ ಮಾತು. ರಾಮನು ವಾಲಿಗೆ ಕೊಡುವ ದೀರ್ಘವಾದ ಉತ್ತರದಲ್ಲಿ ಈ ವರದ ಪ್ರಸ್ತಾಪವೇ ಇಲ್ಲ. ಮಾತ್ರವಲ್ಲ, 11 ಮತ್ತು 12ನೆಯ ಸರ್ಗಗಳಲ್ಲಿ ರಾಮನು, ವಾಲಿ ಹಿಂದೆ ಕೊಂದಿದ್ದ ದುಂದುಭಿ ಎಂಬ ಅಸುರನ ಅಸ್ಥಿಪಂಜರವನ್ನು ಕಾಲಿನ ಹೆಬ್ಬೆರಳಿನಿಂದ ಚಿಮ್ಮಿ ದೂರಕ್ಕೆ ಎಸೆದು, ಒಂದೇ ಬಾಣದಿಂದ ಏಳು ಸಾಲವೃಕ್ಷಗಳನ್ನು ಭೇದಿಸಿ ತೋರಿಸುತ್ತಾನೆ. ಈ ಎರಡು ಸರ್ಗಗಳ ಉದ್ದೇಶವೇ ರಾಮನ ಬಲಕ್ಕೆ ವಾಲಿ ಸಾಲುವುದಿಲ್ಲ ಎಂದು ಸುಗ್ರೀವನಿಗೆ ನಂಬಿಕೆ ಹುಟ್ಟಿಸುವುದು. ಹಾಗಿರುವಾಗ ಬಲದ ಕೊರತೆಯನ್ನು ಮರೆಗೆ ಕಾರಣವೆಂದು ಹೇಳಿದರೆ ಕಥೆಯ ಈ ಭಾಗಕ್ಕೆ ಅರ್ಥವೇ ಉಳಿಯುವುದಿಲ್ಲ.

ಎಚ್ಚರಿಕೆ: ವರದ ಕಥೆ ಸುಳ್ಳು ಎಂದು ಬರೆಯಬೇಡಿ. ಪರಂಪರೆಯಲ್ಲಿ ಅದಕ್ಕೊಂದು ಸ್ಥಾನವಿದೆ. ವಾಲ್ಮೀಕಿಯ ರಾಮನು ಆ ಕಾರಣವನ್ನು ಕೊಟ್ಟಿಲ್ಲ ಎಂದಷ್ಟೇ ದಾಖಲಿಸಿ ಮುಂದೆ ಹೋಗಿ.

2. ಪ್ರತಿಯೊಂದು ಸಂಗತಿಯ ಎದುರು ಅದನ್ನು ಹೇಳಿದವರ ಹೆಸರು ಬರೆಯಿರಿ

ಮಾಯಾವಿ ಎಂಬ ಅಸುರ ರಾತ್ರಿಯಲ್ಲಿ ಬಂದು ಕರೆದದ್ದು, ವಾಲಿ ಅವನನ್ನು ಅಟ್ಟಿಕೊಂಡು ಬಿಲವನ್ನು ಹೊಕ್ಕದ್ದು, ಸುಗ್ರೀವ ಒಂದು ವರ್ಷ ಬಾಗಿಲಲ್ಲಿ ಕಾದದ್ದು, ನೊರೆ ಬೆರೆತ ರಕ್ತ ಹೊರಗೆ ಹರಿದದ್ದು, ಅಣ್ಣ ಸತ್ತನೆಂದು ತಿಳಿದು ಬಂಡೆಯಿಂದ ಬಿಲದ ಬಾಯಿ ಮುಚ್ಚಿದ್ದು, ಮಂತ್ರಿಗಳ ಒತ್ತಾಯಕ್ಕೆ ಪಟ್ಟವೇರಿದ್ದು, ಇದೆಲ್ಲವೂ ನಮಗೆ ತಿಳಿಯುವುದು 9 ಮತ್ತು 10ನೆಯ ಸರ್ಗಗಳಲ್ಲಿ ಸುಗ್ರೀವನು ರಾಮನಿಗೆ ಹೇಳಿದ ಮಾತಿನಿಂದ. ಬಿಲದಿಂದ ಹಿಂದಿರುಗಿದ ವಾಲಿ ‘ಸುಗ್ರೀವಾ ಸುಗ್ರೀವಾ ಎಂದು ಎಷ್ಟು ಕೂಗಿದರೂ ಉತ್ತರ ಬರಲಿಲ್ಲ, ಕಲ್ಲನ್ನು ಒದ್ದು ಹೊರಗೆ ಬಂದೆ’ ಎಂದು ಸಭೆಯಲ್ಲಿ ದೂರಿದ ವಿವರವೂ ನಮಗೆ ತಲುಪುವುದು ಸುಗ್ರೀವನ ಬಾಯಿಂದಲೇ. ಅಂದರೆ ವಾಲಿಯ ಹೇಳಿಕೆಯನ್ನು ನಾವು ಅವನ ಎದುರಾಳಿಯ ಮೂಲಕ ಕೇಳುತ್ತಿದ್ದೇವೆ. ಇದರಿಂದ ಸುಗ್ರೀವನು ಸುಳ್ಳು ಹೇಳಿದನೆಂದು ಆಗುವುದಿಲ್ಲ. ಅಣ್ಣನ ದೂರನ್ನು ಅವನು ಮುಚ್ಚಿಡಲಿಲ್ಲ ಎಂಬುದು ಅವನ ಪರವಾದ ಅಂಶವೇ ಆಗಿದೆ. ಆದರೆ ಸಾಕ್ಷಿ ಒಬ್ಬನೇ, ಅವನಿಗೆ ಫಲಿತಾಂಶದಲ್ಲಿ ಪಾಲಿದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.

ಕ್ರಮವನ್ನೂ ಗಮನಿಸಿ. 5ನೆಯ ಸರ್ಗದಲ್ಲಿ ಅಗ್ನಿಸಾಕ್ಷಿಯಾಗಿ ಸ್ನೇಹವಾಗುತ್ತದೆ. ಹೆಂಡತಿಯನ್ನು ಕಳೆದುಕೊಂಡು ಭಯದಲ್ಲಿ ಬದುಕುತ್ತಿದ್ದೇನೆ ಎಂದು ಸುಗ್ರೀವ ಹೇಳಿದೊಡನೆ ವಾಲಿಯನ್ನು ಕೊಲ್ಲುತ್ತೇನೆ ಎಂದು ರಾಮ ಮಾತು ಕೊಡುತ್ತಾನೆ. ವೈರಕ್ಕೆ ಕಾರಣವೇನು, ಇದ್ದದ್ದನ್ನು ಇದ್ದಂತೆ ತಿಳಿಯಬೇಕೆಂದು ಅವನು ಕೇಳುವುದು 8ನೆಯ ಸರ್ಗದಲ್ಲಿ. ಪ್ರತಿಜ್ಞೆ ಮೊದಲು, ವಿಚಾರಣೆ ಆಮೇಲೆ. ವಾಲಿಯನ್ನು ಕರೆದು ಕೇಳುವ ಪ್ರಸಂಗ ಇಲ್ಲವೇ ಇಲ್ಲ. ಅವಸರದಲ್ಲಿ ಓದುವವರ ಕಣ್ಣಿಗೆ ಈ ಹಿಂದುಮುಂದು ಬೀಳುವುದೇ ಇಲ್ಲ, ನನ್ನ ದೃಷ್ಟಿಯಲ್ಲಿ ವರದ ವಿಷಯಕ್ಕಿಂತ ಇದು ಎಷ್ಟೋ ಮುಖ್ಯವಾದದ್ದು.

3. ಆಕ್ಷೇಪವನ್ನು ವಾಲಿಯಿಂದಲೇ ಪಡೆಯಿರಿ

ಈ ಹಂತದಲ್ಲಿ ನಿಮ್ಮ ಸ್ವಂತ ಪ್ರಶ್ನೆಗಳನ್ನು ಬದಿಗಿಡಿ. ವಾಲಿ ಎತ್ತಿದ ಪ್ರಶ್ನೆಗಳು ನಮ್ಮವಕ್ಕಿಂತ ಹರಿತವಾಗಿವೆ.

ಸಂದರ್ಭವನ್ನು ಹತ್ತಿರದಿಂದ ನೋಡಿ. ಮೊದಲ ಕಾಳಗದಲ್ಲಿ ಅಣ್ಣ ತಮ್ಮಂದಿರು ಒಂದೇ ತೆರನಾಗಿ ಕಂಡದ್ದರಿಂದ ರಾಮ ಬಾಣ ಬಿಡಲಿಲ್ಲ. ಸುಗ್ರೀವ ಪೆಟ್ಟು ತಿಂದು ಓಡಿಬಂದ. ಎರಡನೆಯ ಸಲ ಗುರುತಿಗಾಗಿ ಅವನ ಕೊರಳಿಗೆ ಗಜಪುಷ್ಪಿ ಎಂಬ ಬಳ್ಳಿಯನ್ನು ಹೂವಿನ ಸಮೇತ ಕಟ್ಟಿ ಕಳಿಸಿದರು. ಇನ್ನೊಂದು ಕಡೆ, ರಾಮ ಸುಗ್ರೀವರ ಸ್ನೇಹದ ಸುದ್ದಿ ಮಗ ಅಂಗದನಿಂದ ತಿಳಿದಿದೆ, ಹೋಗಬೇಡ, ತಮ್ಮನಿಗೆ ಯೌವರಾಜ್ಯ ಕೊಟ್ಟು ರಾಜಿಯಾಗು ಎಂದು ವಾಲಿಯನ್ನು ಹೆಂಡತಿ ತಾರೆ ತಡೆದಿದ್ದಳು. ರಾಮ ಧರ್ಮವನ್ನು ಬಲ್ಲವನು, ಪಾಪದ ಕೆಲಸವನ್ನು ಹೇಗೆ ಮಾಡಿಯಾನು ಎಂದು ಹೇಳಿ ವಾಲಿ ಹೊರಟುಬಂದಿದ್ದಾನೆ. ಈಗ ಎದೆಗೆ ಬಾಣ ನೆಟ್ಟು ನೆಲದಲ್ಲಿ ಬಿದ್ದಿದ್ದಾನೆ; ಇಂದ್ರ ಕೊಟ್ಟ ಚಿನ್ನದ ಮಾಲೆ ಇನ್ನೂ ಕೊರಳಲ್ಲಿದೆ. ಈ ಸ್ಥಿತಿಯಲ್ಲಿ ಅವನು ಆಡಿದ ಮಾತುಗಳೇ 17ನೆಯ ಸರ್ಗ.

ಅವನ ಆಕ್ಷೇಪಗಳನ್ನು ಬಿಡಿಬಿಡಿಯಾಗಿ ಬರೆಯಿರಿ. ನಾನು ಇನ್ನೊಬ್ಬನೊಡನೆ ಹೋರಾಡುತ್ತಿದ್ದಾಗ ನೀನು ಕಾಣಿಸಿಕೊಳ್ಳದೆ ಹೊಡೆದೆ. ನಿನ್ನ ನಾಡಿನಲ್ಲಾಗಲಿ ಪಟ್ಟಣದಲ್ಲಾಗಲಿ ನಾನು ಯಾವ ಅಪರಾಧವನ್ನೂ ಮಾಡಿಲ್ಲ. ನೆಲ, ಹೊನ್ನು, ಬೆಳ್ಳಿಗಾಗಿ ಜಗಳವಾಗುತ್ತದೆ, ಕಾಡಿನ ಹಣ್ಣು ತಿನ್ನುವ ನನ್ನಲ್ಲಿ ನಿನಗೆ ಬೇಕಾದದ್ದು ಏನಿತ್ತು? ನನ್ನ ಚರ್ಮ, ಕೂದಲು, ಎಲುಬು ಸಜ್ಜನರ ಬಳಕೆಗೆ ಬರುವಂಥದ್ದಲ್ಲ. ಐದು ಉಗುರಿನ ಪ್ರಾಣಿಗಳಲ್ಲಿ ಉಡ, ಮೊಲ, ಆಮೆ, ಮುಳ್ಳುಹಂದಿಗಳಂಥ ಐದನ್ನು ಮಾತ್ರ ತಿನ್ನಬಹುದೆಂದು ಶಾಸ್ತ್ರವಿರುವುದರಿಂದ ನನ್ನ ಮಾಂಸವೂ ನಿನಗೆ ಬೇಡ. ಸೀತೆಗಾಗಿ ಎಂದಾದರೆ ನನಗೇ ಹೇಳಬಹುದಿತ್ತು, ಒಂದೇ ದಿನದಲ್ಲಿ ಅವಳನ್ನು ತಂದೊಪ್ಪಿಸುತ್ತಿದ್ದೆ, ರಾವಣನನ್ನು ಕೊರಳಿಗೆ ಕಟ್ಟಿ ಎಳೆದು ತರುತ್ತಿದ್ದೆ. ಇಷ್ಟು ಹೇಳುವ ನಡುವೆ ರಾಮನನ್ನು ಅವನು ಹುಲ್ಲು ಮುಚ್ಚಿದ ಬಾವಿಗೆ ಹೋಲಿಸುತ್ತಾನೆ.

ಬಾವಿಯ ಹೋಲಿಕೆಯನ್ನು ಆಕ್ಷೇಪದ ಅಂಕಣಕ್ಕೆ ಸೇರಿಸಬೇಡಿ. ಅದು ನಿಂದೆ. ಹಾಗೆಯೇ ಮುಂದಿನ ಸರ್ಗದಲ್ಲಿ ರಾಮನು, ಹುಟ್ಟುಗುರುಡನು ಹುಟ್ಟುಗುರುಡರೊಡನೆ ಆಲೋಚಿಸಿದಂತೆ ಚಪಲ ಮಂತ್ರಿಗಳೊಡನೆ ಕೂಡಿದ ನಿನಗೆ ಧರ್ಮ ಏನು ತಿಳಿದೀತು ಎಂದು ಹೇಳುವ ಮಾತನ್ನು ಉತ್ತರದ ಅಂಕಣಕ್ಕೆ ಸೇರಿಸಬೇಡಿ.

ಇನ್ನೊಂದನ್ನು ವಾಲಿಯ ವಿರುದ್ಧವಾಗಿ ಗುರುತಿಸಲೇಬೇಕು. ಇಷ್ಟು ವಾದಿಸುವ ವಾಲಿ, ತಾನು ಇಟ್ಟುಕೊಂಡ ತಮ್ಮನ ಹೆಂಡತಿ ರುಮೆಯ ವಿಷಯವನ್ನು ಎತ್ತುವುದೇ ಇಲ್ಲ. ಕೂಟದಲ್ಲಿ ವಾಲಿಯ ಮಾತಿಗೆ ಚಪ್ಪಾಳೆ ತಟ್ಟುವಾಗ ನಮಗೂ ರುಮೆ ನೆನಪಾಗುವುದಿಲ್ಲ.

4. ರಾಮನ ಉತ್ತರವನ್ನು ಬಿಡಿಸಿ

18ನೆಯ ಸರ್ಗವನ್ನು ಒಂದೇ ಉತ್ತರವೆಂದು ಓದುವುದು ಅತ್ಯಂತ ಸಾಮಾನ್ಯವಾದ ತಪ್ಪು. ಅದರಲ್ಲಿ ಕನಿಷ್ಠ ಐದು ಬೇರೆ ಬೇರೆ ವಾದಗಳಿವೆ.

ಮೊದಲನೆಯದು ಅಧಿಕಾರದ ವಾದ. ಬೆಟ್ಟ ಕಾಡುಗಳ ಸಹಿತ ಈ ಭೂಮಿ ಇಕ್ಷ್ವಾಕುಗಳದ್ದು, ಭರತ ಆಳುತ್ತಿದ್ದಾನೆ, ಅವನ ಆಜ್ಞೆಯಂತೆ ನಾವು ಧರ್ಮ ತಪ್ಪಿದವರನ್ನು ದಂಡಿಸುತ್ತೇವೆ ಎಂಬುದು ಅದರ ಸಾರ. ‘ನಿನ್ನ ನಾಡಿನಲ್ಲಿ ನಾನು ತಪ್ಪು ಮಾಡಿಲ್ಲ’ ಎಂಬ ಆಕ್ಷೇಪಕ್ಕೆ ಇದು ನೇರ ಉತ್ತರ. ಉಳಿಕೆಯ ಅಂಕಣದಲ್ಲಿ ಬರೆಯಬೇಕಾದದ್ದು: ಪಾದುಕೆಯನ್ನಿಟ್ಟು ನಂದಿಗ್ರಾಮದಲ್ಲಿ ಕುಳಿತ ಭರತನು ಇಂಥ ಆಜ್ಞೆ ಕೊಟ್ಟ ಪ್ರಸಂಗವನ್ನು ಕಾವ್ಯ ನಮಗೆ ತೋರಿಸಿಲ್ಲ, ರಾಜ್ಯ ಬಿಟ್ಟು ಬಂದವನಿಗೆ ದಂಡಾಧಿಕಾರ ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂಬುದು ಚರ್ಚೆಗೆ ತೆರೆದೇ ಇದೆ.

ಎರಡನೆಯದು ಅಪರಾಧದ ವಾದ. ತಮ್ಮ, ಮಗ, ಶಿಷ್ಯ ಮೂವರೂ ಮಕ್ಕಳ ಸಮಾನ. ತಮ್ಮನು ಬದುಕಿರುವಾಗಲೇ ಸೊಸೆಯಂಥ ರುಮೆಯನ್ನು ಇಟ್ಟುಕೊಂಡೆ, ಅದಕ್ಕೆ ಶಿಕ್ಷೆ ಮರಣ. ಮೂರನೆಯದು ಪೂರ್ವನಿದರ್ಶನ: ಇದೇ ಬಗೆಯ ಪಾಪ ಮಾಡಿದ ಶ್ರಮಣನೊಬ್ಬನನ್ನು ನಮ್ಮ ಪೂರ್ವಜ ಮಾಂಧಾತ ದಂಡಿಸಿದ್ದ, ರಾಜದಂಡಕ್ಕೆ ಒಳಗಾದವರು ನಿರ್ಮಲರಾಗಿ ಸ್ವರ್ಗಕ್ಕೆ ಹೋಗುತ್ತಾರೆ ಎಂಬ ಮನುವಿನ ಶ್ಲೋಕವನ್ನೂ ರಾಮ ಇಲ್ಲಿ ಉದ್ಧರಿಸುತ್ತಾನೆ. ನಾಲ್ಕನೆಯದು ಪ್ರತಿಜ್ಞೆ: ಸುಗ್ರೀವನಿಗೆ ವಾನರರ ಎದುರಿನಲ್ಲಿ ಮಾತು ಕೊಟ್ಟಿದ್ದೇನೆ, ನನ್ನಂಥವನು ಅದನ್ನು ಹೇಗೆ ಮೀರಲಿ? ಐದನೆಯದು ಬೇಟೆಯ ವಾದ: ಮನುಷ್ಯರು ಬಲೆ, ಪಾಶ, ಕುಣಿಕೆಗಳಿಂದ, ಅಡಗಿ ನಿಂತೋ ಎದುರು ನಿಂತೋ ಮೃಗಗಳನ್ನು ಹಿಡಿಯುತ್ತಾರೆ, ನೀನು ಶಾಖಾಮೃಗ, ಅಂದರೆ ಕೊಂಬೆಯ ಮೇಲೆ ಓಡಾಡುವ ಪ್ರಾಣಿ, ಆದ್ದರಿಂದ ಹೋರಾಡುತ್ತಿದ್ದರೂ ಇಲ್ಲದಿದ್ದರೂ ಕೊಂದದ್ದರಲ್ಲಿ ದೋಷವಿಲ್ಲ.

ಪ್ರತಿಯೊಂದನ್ನೂ ಅದರ ಅತ್ಯುತ್ತಮ ರೂಪದಲ್ಲಿ ಬರೆಯಿರಿ. ರಾಮನ ವಾದವನ್ನು ಪೊಳ್ಳಾಗಿ ಮಂಡಿಸಿ ಅದನ್ನೇ ಕೆಡಹಿದರೆ ಯಾವ ಕೆಲಸವೂ ಆದಂತಾಗಲಿಲ್ಲ. ಉದಾಹರಣೆಗೆ ಪ್ರತಿಜ್ಞೆಯ ವಾದವನ್ನು ಬರೆಯುವಾಗ ಅರಣ್ಯಕಾಂಡದ 9 ಮತ್ತು 10ನೆಯ ಸರ್ಗಗಳನ್ನು ತೆರೆದು ನೋಡಿ. ರಾಕ್ಷಸರನ್ನು ಕೊಲ್ಲುವೆನೆಂದು ಋಷಿಗಳಿಗೆ ಮಾತು ಕೊಟ್ಟ ರಾಮನನ್ನು ಅಲ್ಲಿ ಸೀತೆಯೇ ಪ್ರಶ್ನಿಸುತ್ತಾಳೆ. ಸುಳ್ಳು ಹೇಳುವುದು, ಪರಸ್ತ್ರೀಯನ್ನು ಬಯಸುವುದು, ವೈರವಿಲ್ಲದೆ ಕ್ರೂರವಾಗಿ ನಡೆಯುವುದು ಎಂಬ ಮೂರು ದೋಷಗಳಲ್ಲಿ ಮೊದಲಿನ ಎರಡು ನಿನಗಿಲ್ಲ, ಮೂರನೆಯದು ಎದುರಾಗಿ ನಿಂತಿದೆ ಎಂದು ಎಚ್ಚರಿಸುತ್ತಾಳೆ. ರಾಮನು ಕೊಟ್ಟ ಉತ್ತರ: ಪ್ರಾಣವನ್ನಾದರೂ ಬಿಟ್ಟೇನು, ಲಕ್ಷ್ಮಣನೊಡನೆ ನಿನ್ನನ್ನಾದರೂ ಬಿಟ್ಟೇನು, ಕೊಟ್ಟ ಮಾತನ್ನು ಬಿಡಲಾರೆ. ಆದುದರಿಂದ ವಾಲಿಗೆ ಪ್ರತಿಜ್ಞೆಯ ಕಾರಣವನ್ನು ಹೇಳುವ ರಾಮ ಸಮಯಕ್ಕೊಂದು ನೆಪ ಹುಡುಕಿದವನಲ್ಲ. ಆ ಕಾರಣ ಅವನ ಸ್ವಭಾವದ ಬುಡದಿಂದಲೇ ಬಂದದ್ದು. ಐದರಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವುದು ಇದೇ.

5. ಉತ್ತರಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ

ಇಡೀ ಅಭ್ಯಾಸದಲ್ಲಿ ಹೆಚ್ಚು ಹೊತ್ತು ಕಳೆಯಬೇಕಾದ ಹಂತ ಇದು. ಒಂದೊಂದು ಉತ್ತರವನ್ನು ಬಿಡಿಯಾಗಿ ನೋಡಿದಾಗ ನಡೆಯುತ್ತದೆ ಎನ್ನಿಸಿದರೂ ಎಲ್ಲವೂ ಒಟ್ಟಿಗೆ ನಿಲ್ಲುತ್ತವೆಯೇ ಎಂದು ಕೇಳಬೇಕು.

ಎರಡನೆಯ ವಾದವನ್ನೂ ಐದನೆಯದನ್ನೂ ಅಕ್ಕಪಕ್ಕ ಬರೆಯಿರಿ. ರುಮೆಯ ವಿಷಯದಲ್ಲಿ ವಾಲಿ ತಪ್ಪಿತಸ್ಥನಾಗಬೇಕಾದರೆ ಅವನು ಧರ್ಮವನ್ನು ತಿಳಿದು ನಡೆಯಬೇಕಾದವನು, ಮನುವಿನ ದಂಡನೀತಿಗೆ ಒಳಪಟ್ಟವನು ಆಗಿರಬೇಕು. ಬೇಟೆಯಲ್ಲಿ ಕೊಲ್ಲಬಹುದಾದ ಪ್ರಾಣಿಯಾಗಬೇಕಾದರೆ ಅವನಿಗೆ ಆ ಹೊಣೆ ಇರಬಾರದು. ಮೃಗಗಳು ಯಾರೊಡನೆ ಕೂಡಿದವೆಂದು ವಿಚಾರಿಸಿ ಯಾರೂ ಮರಣದಂಡನೆ ವಿಧಿಸುವುದಿಲ್ಲ. ಎರಡರಲ್ಲಿ ಯಾವುದಾದರೂ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕಾಗುತ್ತದೆ. ಮಾಂಸಕ್ಕಾಗಿ ಮೃಗವನ್ನು ಕೊಲ್ಲುವುದು ವಾಡಿಕೆ ಎಂದು ರಾಮ ಹೇಳುವಾಗ, ತನ್ನ ಮಾಂಸ ತಿನ್ನುವಂಥದ್ದಲ್ಲ ಎಂದು ವಾಲಿ ಮೊದಲೇ ಎತ್ತಿದ್ದ ಮಾತಿಗೆ ಪ್ರತ್ಯುತ್ತರ ಬರುವುದಿಲ್ಲ ಎಂಬುದನ್ನೂ ಉಳಿಕೆಯಲ್ಲಿ ಸೇರಿಸಿ.

ಹಾಗಾದರೆ ಬೇಟೆಯ ವಾದವನ್ನು ಬಿಟ್ಟುಬಿಡೋಣ, ಉಳಿದ ನಾಲ್ಕು ಸಾಕಲ್ಲವೇ ಎಂದು ನಿಮಗೆ ಅನ್ನಿಸಬಹುದು. ಬಿಟ್ಟು ನೋಡಿ. ಅಧಿಕಾರ, ಅಪರಾಧ, ನಿದರ್ಶನ, ಪ್ರತಿಜ್ಞೆ ಈ ನಾಲ್ಕೂ ವಾಲಿಯನ್ನು ಏಕೆ ಕೊಲ್ಲಬೇಕಾಯಿತು ಎಂಬುದಕ್ಕೆ ಉತ್ತರ ಕೊಡುತ್ತವೆ. ಮರೆಯಿಂದ, ಇನ್ನೊಬ್ಬನೊಡನೆ ಹೋರಾಡುತ್ತಿದ್ದಾಗ, ಏಕೆ ಕೊಲ್ಲಬೇಕಾಯಿತು ಎಂಬುದಕ್ಕೆ ಅವುಗಳಲ್ಲಿ ಯಾವುದೂ ಉತ್ತರ ಕೊಡುವುದಿಲ್ಲ. ದಂಡಿಸುವ ಅಧಿಕಾರವಿದ್ದವನು ಎದುರಿಗೆ ಬಂದು ಆರೋಪವನ್ನು ಹೇಳಿ ದಂಡಿಸಬಹುದಿತ್ತು. ಮಾತು ಕೊಟ್ಟವನು ಬಹಿರಂಗವಾಗಿ ಯುದ್ಧಕ್ಕೆ ಕರೆದೂ ಮಾತನ್ನು ಉಳಿಸಿಕೊಳ್ಳಬಹುದಿತ್ತು. ‘ಅಡಗಿ ನಿಂತರೂ ತಪ್ಪಿಲ್ಲ’ ಎಂದು ಹೇಳುವ ಶಕ್ತಿ ಇರುವುದು ಬೇಟೆಯ ವಾದಕ್ಕೆ ಮಾತ್ರ, ಉಳಿದವುಗಳೊಡನೆ ಹೊಂದಿಕೊಳ್ಳದೆ ಇರುವುದೂ ಅದೊಂದೇ.

ಓದುಗರು ಇಲ್ಲಿ ಎರಡು ಕಡೆಗೆ ಜಾರುತ್ತಾರೆ. ಕೆಲವರು, ಹಾಗಾದರೆ ಈ ಭಾಗ ಪ್ರಕ್ಷೇಪ, ಅಂದರೆ ಆಮೇಲೆ ಯಾರೋ ಸೇರಿಸಿದ್ದು, ಎಂದು ಹೇಳಿ ಪಾರಾಗುತ್ತಾರೆ. ಬರೋಡದ ಪ್ರಾಚ್ಯವಿದ್ಯಾ ಸಂಸ್ಥೆಯವರು ನಾನಾ ಪ್ರಾಂತಗಳ ಹಸ್ತಪ್ರತಿಗಳನ್ನು ಹೋಲಿಸಿ 1960ರಿಂದ 1975ರ ಅವಧಿಯಲ್ಲಿ ಪ್ರಕಟಿಸಿದ ಪರಿಷ್ಕೃತ ಪಾಠದಲ್ಲಿ ವಾಲಿಯ ಆಕ್ಷೇಪವೂ ರಾಮನ ಉತ್ತರವೂ ಉಳಿದುಕೊಂಡಿವೆ. ಆದುದರಿಂದ ಈ ದಾರಿ ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಇನ್ನು ಕೆಲವರು, ಕೊನೆಗೆ ವಾಲಿಯೇ ‘ನೀನು ಹೇಳಿದ್ದು ನಿಜ, ಸಂಶಯವಿಲ್ಲ’ ಎಂದು ಒಪ್ಪಿದನಲ್ಲ, ಮತ್ತೆ ನಿಮಗೇನು ತಕರಾರು ಎನ್ನುತ್ತಾರೆ. ಒಪ್ಪಿದ್ದು ನಿಜ. ಒಪ್ಪಿದ ಬೆನ್ನಲ್ಲೇ ಅವನು ಬೇಡಿಕೊಳ್ಳುವುದು ಮಗ ಅಂಗದನ ರಕ್ಷಣೆಯನ್ನು ಎಂಬುದೂ ನಿಜ. ಸಾಯುತ್ತಿರುವ ತಂದೆ ಮಗನನ್ನು ಗೆದ್ದವರ ಕೈಗೆ ಒಪ್ಪಿಸುವಾಗ ಆಡಿದ ಸಮ್ಮತಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ನೀವೇ ತೀರ್ಮಾನಿಸಿ; ಆದರೆ ವಾಲಿಯ ಮನಸ್ಸಿನೊಳಗೆ ಇಳಿದು, ಅದು ಬರೀ ನಾಟಕ ಎಂದು ಬರೆಯುವ ಹಕ್ಕು ನಮಗಿಲ್ಲ. ಸಮ್ಮತಿ ಸಿಕ್ಕಿದೆ, ಮರೆಯ ಪ್ರಶ್ನೆಗೆ ಕಾರಣ ಸಿಕ್ಕಿಲ್ಲ ಎಂದು ಎರಡನ್ನೂ ಬರೆಯುವುದು ಪ್ರಾಮಾಣಿಕವಾದ ಕ್ರಮ.

6. ಒಂದೇ ಅಳತೆಗೋಲಿನಿಂದ ಎಲ್ಲರನ್ನೂ ಅಳೆಯಿರಿ

ಸಹೋದರನ ಹೆಂಡತಿಯನ್ನು ಇಟ್ಟುಕೊಳ್ಳುವುದು ಮರಣಕ್ಕೆ ಯೋಗ್ಯವಾದ ಅಪರಾಧವೆಂದಾದರೆ ಸುಗ್ರೀವನ ಕಡೆಗೂ ತಿರುಗಿ ನೋಡಬೇಕಾಗುತ್ತದೆ. 46ನೆಯ ಸರ್ಗದಲ್ಲಿ, ತಾನು ಭೂಮಂಡಲವನ್ನೆಲ್ಲ ಹೇಗೆ ಬಲ್ಲೆ ಎಂದು ರಾಮನಿಗೆ ಹೇಳುವ ಸುಗ್ರೀವನು, ಅಣ್ಣ ಸತ್ತನೆಂದು ತಿಳಿದು ರಾಜ್ಯವನ್ನೂ ರುಮೆಯೊಂದಿಗೆ ತಾರೆಯನ್ನೂ ಪಡೆದು ಸುಖವಾಗಿದ್ದೆ ಎಂದು ತಾನೇ ಹೇಳಿಕೊಳ್ಳುತ್ತಾನೆ. 10ನೆಯ ಸರ್ಗದಲ್ಲಿ ಇದೇ ಕಥೆಯನ್ನು ಮೊದಲ ಬಾರಿ ಹೇಳಿದಾಗ ತಾರೆಯ ಹೆಸರು ಬಂದಿರಲಿಲ್ಲ. 55ನೆಯ ಸರ್ಗದಲ್ಲಿ ಅಂಗದನು ಇನ್ನೂ ಕಟುವಾಗಿ ಮಾತಾಡುತ್ತಾನೆ: ಅಣ್ಣ ಬದುಕಿರುವಾಗಲೇ ತಾಯಿಯಂಥ ಅತ್ತಿಗೆಯನ್ನು ತೆಗೆದುಕೊಂಡವನಿಗೆ, ಯುದ್ಧಕ್ಕೆ ಹೋದ ಅಣ್ಣ ಒಳಗಿರುವಾಗ ಬಿಲದ ಬಾಯಿ ಮುಚ್ಚಿದವನಿಗೆ, ಧರ್ಮ ಎಲ್ಲಿ ಗೊತ್ತು? ಬಿಲದ ಪ್ರಸಂಗದ ಬಗ್ಗೆ ವಾಲಿಯ ಪಕ್ಷದಿಂದ ಬಂದ ನೇರ ಮಾತು ಕಾವ್ಯದಲ್ಲಿ ಸಿಗುವುದು ಇಲ್ಲಿ, ಅದೂ ವಾಲಿ ಸತ್ತು ಎಷ್ಟೋ ದಿನಗಳಾದ ಮೇಲೆ.

ಅಂಗದನ ಮಾತನ್ನು ಕೂಡಲೇ ಪರಮಸತ್ಯವೆಂದು ಹಿಡಿಯಬೇಡಿ. ಸೀತೆಯನ್ನು ಹುಡುಕುವ ಅವಧಿ ಮೀರಿದೆ, ಹಿಂದಿರುಗಿದರೆ ಚಿಕ್ಕಪ್ಪ ತಲೆ ತೆಗೆಯುತ್ತಾನೆ ಎಂಬ ಭಯದಲ್ಲಿ ಪ್ರಾಯೋಪವೇಶಕ್ಕೆ, ಅಂದರೆ ಅನ್ನ ನೀರು ಬಿಟ್ಟು ಸಾಯುವುದಕ್ಕೆ, ಹೊರಟಿರುವ ಹುಡುಗ ಅವನು. ಸುಗ್ರೀವನು ಫಲಿತಾಂಶದಲ್ಲಿ ಪಾಲಿರುವ ಸಾಕ್ಷಿಯಾದರೆ ಅಂಗದನೂ ಹಾಗೆಯೇ.

ಸುಗ್ರೀವನ ಪರವಾಗಿ ಹೇಳಬಹುದಾದದ್ದು ಇದು: ರಾಮನ ಆರೋಪದಲ್ಲಿ ‘ತಮ್ಮನು ಬದುಕಿರುವಾಗಲೇ’ ಎಂಬ ಷರತ್ತು ಸ್ಪಷ್ಟವಾಗಿದೆ. ಸುಗ್ರೀವ ಬದುಕಿದ್ದಾನೆಂದು ವಾಲಿಗೆ ಚೆನ್ನಾಗಿ ಗೊತ್ತಿತ್ತು. ವಾಲಿ ಬದುಕಿದ್ದಾನೆಂದು ಸುಗ್ರೀವನಿಗೆ ಗೊತ್ತಿರಲಿಲ್ಲ. ಆದ್ದರಿಂದ ಇಬ್ಬರ ನಡತೆಯೂ ಒಂದೇ ಅಲ್ಲ. ಈ ವಾದ ನ್ಯಾಯವಾದದ್ದೇ. ಆದರೆ ಅದು ಯಾವುದರ ಮೇಲೆ ನಿಂತಿದೆ ಎಂದು ನೋಡಿ: ‘ಅಣ್ಣ ಸತ್ತನೆಂದು ತಿಳಿದೆ’ ಎಂಬ ಸುಗ್ರೀವನ ಒಂದೇ ಮಾತಿನ ಮೇಲೆ. ಎರಡನೆಯ ಹಂತದಲ್ಲಿ ಸಾಕ್ಷಿಯ ಹೆಸರು ಬರೆದುಕೊಳ್ಳಿ ಎಂದು ಹೇಳಿದ್ದರ ಉಪಯೋಗ ಇಲ್ಲಿ ಆಗುತ್ತದೆ.

ರುಮೆಯಾಗಲಿ ತಾರೆಯಾಗಲಿ ಏನು ಬಯಸಿದ್ದರು ಎಂಬುದನ್ನು ಈ ಎರಡು ವಾದಿಗಳಲ್ಲಿ ಯಾರೂ ಕೇಳುವುದಿಲ್ಲ. ರುಮೆಗೆ ಇಡೀ ವಿವಾದದಲ್ಲಿ ಒಂದು ಮಾತೂ ಇಲ್ಲ. ಇದನ್ನು ಉಳಿಕೆಯ ಅಂಕಣದಲ್ಲಿ ಬರೆಯಿರಿ, ಆದರೆ ಕವಿಯನ್ನು ಈ ಕಾಲದ ಕಟಕಟೆಯಲ್ಲಿ ನಿಲ್ಲಿಸುವ ಹುರುಪಿನಲ್ಲಿ ಮೂಲಪ್ರಶ್ನೆಯಿಂದ ಹೊರಗೆ ಹೋಗಬೇಡಿ.

7. ಹಿಂದಿನ ಕವಿಗಳು ಎಲ್ಲಿ ಎಡವಿದರು ಎಂದು ನೋಡಿ

ಈ ಪ್ರಶ್ನೆ ನಿಮಗೆ ಮಾತ್ರ ಹೊಳೆದದ್ದಲ್ಲ. ಭವಭೂತಿಯ ಉತ್ತರರಾಮಚರಿತದಲ್ಲಿ ಲವನು, ಹಿರಿಯರ ನಡತೆಯನ್ನು ವಿಚಾರಿಸಬಾರದು ಎಂದು ಹೇಳುತ್ತಲೇ ಇಂದ್ರನ ಮಗನನ್ನು, ಅಂದರೆ ವಾಲಿಯನ್ನು, ಕೊಲ್ಲುವಾಗ ರಾಮ ತೋರಿದ ಕೌಶಲ ಲೋಕಕ್ಕೆಲ್ಲ ಗೊತ್ತಿದೆ ಎಂದು ಚುಚ್ಚುತ್ತಾನೆ. ಅದೇ ಕವಿ ಮಹಾವೀರಚರಿತದಲ್ಲಿ ಕಥೆಯನ್ನೇ ಬದಲಿಸಿ, ವಾಲಿಯೇ ರಾಮನ ಮೇಲೆ ಯುದ್ಧಕ್ಕೆ ಬರುವಂತೆ ಮಾಡಿದ್ದಾನೆ.

ತಮಿಳಿನ ಕಂಬನಲ್ಲಿ ವಾಲಿ, ನಿಮ್ಮ ದಾಂಪತ್ಯದ ಕಟ್ಟಳೆ ನಮ್ಮ ಜಾತಿಗಿಲ್ಲ ಎಂದು ವಾದಿಸುತ್ತಾನೆ. ಧರ್ಮಾಧರ್ಮ ತಿಳಿದ ನೀನು ಪ್ರಾಣಿಯೆಂದು ಹೇಳಿಕೊಂಡು ತಪ್ಪಿಸಿಕೊಳ್ಳಲಾಗದು ಎಂದು ರಾಮ ಅದನ್ನು ತಳ್ಳಿಹಾಕುತ್ತಾನೆ. ವಾಲ್ಮೀಕಿಯ ಐದನೆಯ ವಾದಕ್ಕೆ ಇದು ತೀರಾ ವಿರುದ್ಧವಾದ ನಿಲುವು. ಹಾಗಾದರೆ ಅಡಗಿ ಹೊಡೆದದ್ದೇಕೆ ಎಂದು ವಾಲಿ ಮತ್ತೆ ಕೇಳಿದಾಗ ಉತ್ತರಿಸುವವನು ಲಕ್ಷ್ಮಣ: ತಮ್ಮನಿಗೆ ಮೊದಲೇ ಮಾತು ಕೊಟ್ಟಾಗಿತ್ತು, ಎದುರಿಗೆ ಬಂದರೆ ನೀನೂ ಶರಣಾಗಬಹುದಿತ್ತು. ಬೇಟೆಯ ವಾದವನ್ನು ಬಿಟ್ಟರೆ ಮರೆಗೆ ಬೇರೆ ಕಾರಣ ಬೇಕಾಗುತ್ತದೆ ಎಂಬುದನ್ನು ಕಂಬ ಕಂಡುಕೊಂಡಿದ್ದ ಎಂದೇ ನಾನು ಓದುತ್ತೇನೆ.

ವಿಮಲಸೂರಿಯ ಪ್ರಾಕೃತ ಪಉಮಚರಿಯದಿಂದ ಸಾಗಿಬಂದ ಜೈನ ರಾಮಕಥೆಯಲ್ಲಿ ತೊಡಕು ಹುಟ್ಟುವುದೇ ಇಲ್ಲ. ವಾಲಿ ರಾಜ್ಯವನ್ನು ಸುಗ್ರೀವನಿಗೆ ಬಿಟ್ಟು ದೀಕ್ಷೆ ಪಡೆಯುತ್ತಾನೆ. ರಾಮನ ಬಾಣಕ್ಕೆ ಬೀಳುವವನು ಸುಗ್ರೀವನ ರೂಪ ಧರಿಸಿ ಬಂದ ಸಾಹಸಗತಿ ಎಂಬ ಬೇರೊಬ್ಬ.

ಎಚ್ಚರಿಕೆ: ಒಂದು ಕೃತಿಯ ಪ್ರಶ್ನೆಗೆ ಇನ್ನೊಂದರ ಉತ್ತರವನ್ನು ಅಂಟಿಸಬೇಡಿ. ಅಧ್ಯಾತ್ಮರಾಮಾಯಣದಲ್ಲಿ ರಾಮ ಪರಮಾತ್ಮ, ವಾಲಿಗೆ ದೊರೆಯುವುದು ಮೋಕ್ಷ. ಪಾರಾಯಣ ಮಾಡುವವರಿಗೆ ಅದು ಪೂರ್ಣವಾದ ಸಮಾಧಾನ. ಆದರೆ ಆ ಸಮಾಧಾನ ಕೃತ್ಯದ ಫಲದ ಕುರಿತಾದದ್ದು. ಕೃತ್ಯವು ನ್ಯಾಯವೇ ಎಂದು ವಾಲ್ಮೀಕಿಯ ವಾಲಿ ಕೇಳಿದ್ದಕ್ಕೆ ಅದು ತಗಲುವುದಿಲ್ಲ.

8. ಬರೆಯುವಾಗ ಮತ್ತು ಕೂಟದಲ್ಲಿ ಮಾತಾಡುವಾಗ

ನೀವು ಪ್ರಬಂಧ ಬರೆಯುತ್ತಿದ್ದರೆ ಮೂರನೆಯ ಅಂಕಣದಿಂದ ಆರಂಭಿಸಿ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ಹೊಸಬರಾಗಿದ್ದರೆ ಅದನ್ನು ಸಂಪೂರ್ಣ ಮರೆತು ನಿಮ್ಮ ಪಾತ್ರದ ಅಂಕಣವನ್ನು ಮಾತ್ರ ಹಿಡಿದುಕೊಳ್ಳಿ: ವಾಲಿಯಾಗಿ ಕುಳಿತವರು ರುಮೆಯ ಪ್ರಶ್ನೆ ಬಂದಾಗ ಏನು ಹೇಳಬೇಕೆಂಬುದನ್ನೂ, ರಾಮನಾಗಿ ಕುಳಿತವರು ಅಪರಾಧದ ವಾದವನ್ನೂ ಬೇಟೆಯ ವಾದವನ್ನೂ ಒಂದೇ ಉಸಿರಿಗೆ ಹೇಳದಿರುವುದನ್ನೂ ಮೊದಲೇ ಯೋಚಿಸಿಕೊಂಡು ಹೋಗಬೇಕು. ಎದುರಿನ ಅರ್ಥಧಾರಿ ಅನುಭವಿಯಾಗಿದ್ದರೆ ಹಿಡಿಯುವುದು ಅಲ್ಲಿಯೇ.

ಮನೆಯ ಹಿರಿಯರು ‘ಹಾಗಾದರೆ ರಾಮನದ್ದು ತಪ್ಪು ಎನ್ನುತ್ತೀಯಾ?’ ಎಂದು ಕೇಳುವುದುಂಟು. ಆಗ ತೀರ್ಪು ಕೊಡಲು ಹೋಗದೆ 17 ಮತ್ತು 18ನೆಯ ಸರ್ಗಗಳನ್ನು ಅವರೆದುರು ಗಟ್ಟಿಯಾಗಿ ಓದಿ, ಮರೆಯ ಪ್ರಶ್ನೆಗೆ ನೀವು ಯಾವ ಉತ್ತರವನ್ನು ಇಟ್ಟುಕೊಳ್ಳುತ್ತೀರಿ ಎಂದು ಅವರನ್ನೇ ಕೇಳಿ. ಪಾರಾಯಣದ ಅಭ್ಯಾಸವಿರುವ ಹಿರಿಯರು ನಮಗಿಂತ ಚೆನ್ನಾಗಿ ಉತ್ತರಿಸುವುದನ್ನು ನಾನು ಕಂಡಿದ್ದೇನೆ.

ಇದೇ ಕ್ರಮವನ್ನು ಇನ್ನೊಂದು ಕಥೆಗೆ ಹಚ್ಚಿ ನೋಡಬೇಕೆಂದಿದ್ದರೆ ಮಹಾಭಾರತದ ಸಭಾಪರ್ವವನ್ನು ತೆಗೆದುಕೊಳ್ಳಿ. ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಂದ ಬಂತು ಎಂದು ದ್ರೌಪದಿ ಕೇಳಿದ್ದಕ್ಕೆ ಅಲ್ಲಿ ಭೀಷ್ಮನು ಧರ್ಮ ಸೂಕ್ಷ್ಮವೆಂದು ಹೇಳಿ ನಿರ್ಣಯಿಸಲಾರದೆ ನಿಲ್ಲುತ್ತಾನೆ, ವಿಕರ್ಣನೊಬ್ಬನು ಆಕೆ ಗೆಲ್ಲಲ್ಪಟ್ಟಿಲ್ಲ ಎನ್ನುತ್ತಾನೆ, ಕರ್ಣ ಅದನ್ನು ಖಂಡಿಸುತ್ತಾನೆ. ಓದುವಾಗ ವಿಕರ್ಣನ ಮಾತಿನಿಂದ ಆರಂಭಿಸಬೇಡಿ. ಕರೆಯಲು ಬಂದ ಪ್ರಾತಿಕಾಮಿಯ ಕೈಯಲ್ಲಿ ದ್ರೌಪದಿ ಸಭೆಗೆ ಹೇಳಿಕಳಿಸಿದ ಮೊದಲ ಪ್ರಶ್ನೆಯನ್ನು ಆಕ್ಷೇಪದ ಅಂಕಣದಲ್ಲಿ ಬರೆದು, ಅದಕ್ಕೆ ಯುಧಿಷ್ಠಿರ ಏನು ಉತ್ತರ ಕೊಟ್ಟ ಎಂದು ಹುಡುಕುವುದರಿಂದ ಆರಂಭಿಸಿ.